ಹಳದಿ ಮೆಷಿನಿನ ಬಾಳಿಕೆ

ಮರ ಕಡಿಯುವವರಷ್ಟು ಜಗಳಗಂಟರು ಬೇರೆ ಯಾವ ಕಸುಬಿನಲ್ಲೂ ಇಲ್ಲ ಎಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ನಾನು ಒಪ್ಪುವುದಿಲ್ಲ. ನಾವು ಗದ್ದೆಯ ಅಂಚಿಗಾಗಿ ಜಗಳ ಆಡಿದವರಲ್ಲ, ಓಟಿನ ವಿಷಯಕ್ಕೆ ಆಡಿದವರಲ್ಲ. ನಮ್ಮದು ಒಂದೇ ಜಗಳ: ಕೆಂಪು ಮೆಷಿನ್ ಹೆಚ್ಚು ಬಾಳುತ್ತದೋ, ಹಳದಿ ಮೆಷಿನೋ. ಅದೊಂದನ್ನೇ ಹಿಡಿದು ಹತ್ತು ವರ್ಷ ತಳ್ಳಿದೆವು. ಕೇಳುವವರಿಗೆ ಹುಚ್ಚು ಅನಿಸಿದರೆ ಅನಿಸಲಿ.

ನನ್ನದು ಕಾರ್ಕಳ. ಅಪ್ಪ ಮತ್ತು ಚಿಕ್ಕಪ್ಪ ಕೊಡಲಿ ಹಿಡಿದು, ಇಬ್ಬರು ಎಳೆಯುವ ಗರಗಸ ಹಿಡಿದು ಬದುಕಿದವರು. ದೊಡ್ಡ ಹಲಸಿನ ಮರವೊಂದನ್ನು ಮಲಗಿಸಿ ತುಂಡು ಮಾಡಲು ಅವರಿಗೆ ಇಡೀ ದಿನ ಬೇಕಿತ್ತು. ತೊಂಬತ್ತರ ದಶಕದ ಕೊನೆಗೆ ನಮ್ಮ ಕಡೆಗೆ ಪೆಟ್ರೋಲಿನಲ್ಲಿ ಓಡುವ ಚೈನ್ ಗರಗಸ ಬಂತು. ನಾನು ಉಡುಪಿಯಿಂದ ಒಂದು ತಂದು ಅಂಗಳದಲ್ಲಿ ಹಗ್ಗ ಎಳೆದು ಸ್ಟಾರ್ಟ್ ಮಾಡಿದಾಗ ಅಪ್ಪ ಕಿವಿ ಮುಚ್ಚಿಕೊಂಡು, "ಇದು ಮರ ಕಡಿಯುವುದಾ, ಮರಕ್ಕೆ ಬೈಯುವುದಾ?" ಎಂದು ಕೇಳಿ ಒಳಗೆ ಹೋದರು. ಸಂಜೆ ಯಾರೂ ಇಲ್ಲದಾಗ ಬಂದು ಅದರ ಹಲ್ಲುಗಳ ಮೇಲೆ ಬೆರಳಾಡಿಸಿ ನೋಡುತ್ತಿದ್ದದ್ದನ್ನು ನಾನು ಕಿಟಕಿಯಿಂದ ಕಂಡೆ.

ಆಗ ನಮ್ಮಲ್ಲಿ ಎರಡು ಕಂಪನಿಗಳ ಮೆಷಿನ್ ನಡೆಯುತ್ತಿದ್ದವು. ಕಂಪನಿಯ ಹೆಸರು ಯಾರ ನಾಲಿಗೆಗೂ ಸರಿಯಾಗಿ ಹೊರಳುತ್ತಿರಲಿಲ್ಲ. ಹಾಗಾಗಿ ಮೈಬಣ್ಣವೇ ಹೆಸರಾಯಿತು. ನನ್ನದು ಕೆಂಪು. ಹಳದಿಯವರಲ್ಲಿ ದೊಡ್ಡ ಬಾಯಿ ಇದ್ದವನು ಮಟ್ಟು ಎಂಬ ಊರಿನವನು. ಪ್ರಾಯದಲ್ಲಿ ನನ್ನ ಓರಗೆ, ಆಳು ನನಗಿಂತ ಸಣ್ಣ, ನಗು ಮಾತ್ರ ಆಚೆ ಊರಿಗೆ ಕೇಳಬೇಕು. ಮನೆ ಸಮುದ್ರಕ್ಕೆ ಹತ್ತಿರ. ಅವನು ಮರಕ್ಕೆ ಹೋದರೆ ಅವನ ಹೆಂಡತಿ ಮನೆಯ ಪಕ್ಕದ ಮರಳು ಗದ್ದೆಯಲ್ಲಿ ಗುಳ್ಳ ಬದನೆ ಬೆಳೆಯುತ್ತಿದ್ದರು. ನಾವು ಮಾತಾಡುತ್ತಿದ್ದದ್ದು ತುಳುವಿನಲ್ಲಿ. ಬೈಗುಳ ಬಿಟ್ಟು ಉಳಿದದ್ದನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ನಾವು ಸೇರುತ್ತಿದ್ದದ್ದು ಕಾಪುವಿನಲ್ಲಿ, ಪಂಪು ಮತ್ತು ಮೆಷಿನ್ ರಿಪೇರಿ ಮಾಡುವ ಒಂದು ಅಂಗಡಿಯ ಎದುರಿನ ಬೆಂಚಿನಲ್ಲಿ. ಚೈನಿಗೆ ಅರ ಹಾಕಿಸಿ ಹರಿತ ಮಾಡಿಸಲು ಬಂದವರು ಅಲ್ಲಿ ಕೂತು ಸುರು ಮಾಡುತ್ತಿದ್ದೆವು. ಕೆಂಪು ಭಾರ, ಹಳದಿ ಹಗುರ. ಭಾರ ಇದ್ದದ್ದೇ ಬಾಳುವುದು ಎಂದು ನಾವು. ಸೊಂಟ ಮುರಿದ ಮೇಲೆ ಬಾಳಿದ ಮೆಷಿನನ್ನು ಇಟ್ಟುಕೊಂಡು ಎಂತ ಮಾಡುವುದು ಎಂದು ಅವರು. ಹಳದಿಗೆ ಬಿಸಿ ಏರಿದರೆ ಉಸಿರು ಕಟ್ಟುತ್ತದೆ, ಒಮ್ಮೆ ಆಫ್ ಮಾಡಿದರೆ ತಣಿಯುವ ತನಕ ತಲೆಕೆಳಗಾಗಿ ನಿಂತರೂ ಮತ್ತೆ ಸ್ಟಾರ್ಟ್ ಆಗುವುದಿಲ್ಲ ಎಂದು ನಾವು. ಕೆಂಪು ಕುಡಿಯುವ ಪೆಟ್ರೋಲಿನಲ್ಲಿ ಮಂಗಳೂರಿಗೆ ಕಾರಿನಲ್ಲಿ ಹೋಗಿ ಬರಬಹುದು ಎಂದು ಅವರು. ಪೆಟ್ರೋಲಿಗೆ ಬೆರೆಸುವ ಎಣ್ಣೆಯ ಅಳತೆಗೆ ಬಂದರಂತೂ ಮುಗಿಯಿತು, ಚಾ ತಣಿದು ಕೆನೆ ಕಟ್ಟುತ್ತಿತ್ತು. ಜನ್ಮದಲ್ಲಿ ಒಂದು ಕಡ್ಡಿ ಕಡಿಯದ ಬಸ್ ಕಂಡಕ್ಟರ್ ಸಹ ನಮ್ಮ ಪಕ್ಕದಲ್ಲಿ ನಿಂತು, "ಕೆಂಪಿನ ಪಿಸ್ಟನ್ ಬೇರೆಯೇ ಮಾರಾಯ್ರೆ" ಎನ್ನುತ್ತಿದ್ದ. ಪಿಸ್ಟನ್ ಎಲ್ಲಿರುತ್ತದೆ ಎಂದು ಕೇಳಿದ್ದರೆ ಅವನು ಬಸ್ಸು ಹತ್ತಿ ಹೋಗುತ್ತಿದ್ದ.

ಒಮ್ಮೆ ಉದ್ಯಾವರದಲ್ಲಿ ಹೆದ್ದಾರಿಯ ಬದಿಗೆ ಒಂದು ದೊಡ್ಡ ಹುಣಸೆ ಮರ ಬಿತ್ತು. ಜಾಗದವರು ಗಡಿಬಿಡಿಯಲ್ಲಿ ನನಗೂ ಹೇಳಿದರು, ಅವನಿಗೂ ಹೇಳಿದರು. ಇಬ್ಬರೂ ಬಂದು ಮುಖ ಮುಖ ನೋಡಿದೆವು. ಅವನು ಒಂದು ತುದಿ ಹಿಡಿದ, ನಾನು ಇನ್ನೊಂದು. ನೋಡಲು ಜನ ಸೇರಿದರು. ಅರ್ಧಕ್ಕೆ ಬಂದಾಗ ನನ್ನ ಚೈನ್ ಕಿರ್ ಎಂದು ಕಿರುಚಿ ನಿಂತಿತು. ಯಾವ ಕಾಲದಲ್ಲೋ ಯಾರೋ ಬೋರ್ಡು ತೂಗಲು ಹೊಡೆದ ಮೊಳೆಯನ್ನು ಮರ ನುಂಗಿಕೊಂಡಿತ್ತು. ಹಲ್ಲುಗಳೆಲ್ಲ ಹಾಳು. ನಾನು, "ನೀನು ಕಡಿದದ್ದು ಮರ, ನನ್ನದು ಕಡಿದದ್ದು ಕಬ್ಬಿಣ, ಇದು ಲೆಕ್ಕಕ್ಕೆ ಇಲ್ಲ" ಎಂದೆ. ಅವನು ಬೆವರು ಒರೆಸಿಕೊಳ್ಳುತ್ತ, "ಕಬ್ಬಿಣ ಕಡಿಯಲಿಕ್ಕೆ ಗುಜರಿಯವ ಇದ್ದಾನೆ ಮಾರಾಯ. ನೀನು ಮರ ಕಡಿ" ಎಂದ. ಜನ ಹೊಟ್ಟೆ ಹಿಡಿದು ನಕ್ಕರು. ನನಗೆ ಎಂಥ ಕೋಪ ಬಂತೆಂದರೆ ಎರಡು ವಾರ ಕಾಪುವಿನ ಕಡೆ ತಲೆ ಹಾಕಲಿಲ್ಲ.

ಮಣಿಪಾಲದಲ್ಲಿ ಗುಡ್ಡ ಬೋಳಿಸಿ ಫ್ಲಾಟುಗಳು ಏಳತೊಡಗಿದ ಕಾಲದಲ್ಲಿ ಒಬ್ಬ ಕಂಟ್ರಾಕ್ಟರ್ ನಮ್ಮಿಬ್ಬರನ್ನೂ ಒಟ್ಟಿಗೆ ಹಾಕಿಕೊಂಡ. ಒಂದು ಇಡೀ ಬೇಸಗೆ ನಾವು ಒಂದೇ ಗುಡ್ಡದಲ್ಲಿ ಕಡಿದೆವು, ಒಂದೇ ಬುತ್ತಿಯಲ್ಲಿ ಉಂಡೆವು. ದಿಮ್ಮಿ ಹೊರಲು ಬಾಗಲಕೋಟೆ ಕಡೆಯ ಜನ ಇದ್ದರು. ಯಾವ ಮೆಷಿನ್ ಒಳ್ಳೆಯದು ಹೇಳಿ ಎಂದು ನಾವು ಅವರನ್ನೂ ಬಿಡಲಿಲ್ಲ. ಅವರಲ್ಲಿ ಹಿರಿಯ ಎಲೆಯಡಿಕೆ ಉಗುಳಿ, "ಯಪ್ಪಾ, ಎರಡೂ ಒಂದ ನಮೂನಿ ಚೀರತಾವ ಬಿಡ್ರಿ" ಎಂದ. ನಮಗಿಬ್ಬರಿಗೂ ಅವನ ಮೇಲೆ ಸಿಟ್ಟು ಬಂತು. ಆ ಒಂದು ವಿಷಯದಲ್ಲಿ ನಾವು ಒಂದಾಗಿದ್ದೆವು.

ಅವನ ಕೆಲಸದ ಬಗ್ಗೆ ಹೇಳಲೇಬೇಕು. ಶಂಕರಪುರದಲ್ಲಿ ಮಲ್ಲಿಗೆ ಗಿಡಗಳ ನಡುವೆ ನಿಂತ ಮರ ಕಡಿಯಲು ಯಾರೂ ಸುಲಭಕ್ಕೆ ಒಪ್ಪುವುದಿಲ್ಲ. ಕೊಂಬೆ ಬಿದ್ದರೆ ಗಿಡ ಹೋಯಿತು, ಗಿಡ ಹೋದರೆ ಆ ಮನೆಯ ಹೆಂಗಸರ ಬಾಯಿಗೆ ಸಿಕ್ಕ ಹಾಗೆ. ಅವನು ಮಾತ್ರ ಹಗುರ ಮೆಷಿನ್ ಹೆಗಲಿಗೆ ಕಟ್ಟಿಕೊಂಡು ಮೇಲೆ ಹೋಗಿ, ಒಂದೊಂದೇ ಕೊಂಬೆಯನ್ನು ಹಗ್ಗದಲ್ಲಿ ಮಗುವನ್ನು ಇಳಿಸುವ ಹಾಗೆ ಇಳಿಸುತ್ತಿದ್ದ. ಇಳಿದು ಬಂದು ನನ್ನ ಮುಖ ನೋಡುತ್ತಿದ್ದ. ನಾನು ಹಗ್ಗ ಸುತ್ತುತ್ತಿದ್ದೆ. ಹೊಗಳುವ ಅಭ್ಯಾಸ ನಮ್ಮ ಕಸುಬಿನಲ್ಲಿ ಇಲ್ಲ.

ಆಮೇಲೆ ಅವನಿಗೆ ಕಿಡ್ನಿಯ ಕಾಯಿಲೆ ಬಂತು. ಮೊದಲು ಕಾಲು ಬಾತಿತು. ಮರಳಲ್ಲಿ ನಡೆದು ನಡೆದು ಹೀಗೆ ಎಂದ. ಮತ್ತೆ ಮುಖ ಬಾತಿತು. ವಾರಕ್ಕೆ ಎರಡು ಸಲ ರಕ್ತ ಶುದ್ಧ ಮಾಡಿಸಲು ಮಣಿಪಾಲಕ್ಕೆ ಹೋಗಬೇಕಾಯಿತು. ಮರ ಹತ್ತುವುದು ನಿಂತಿತು, ಕಾಪುವಿನ ಬೆಂಚಿಗೆ ಬರುವುದೂ ನಿಂತಿತು. ನಾನು ಆಸ್ಪತ್ರೆಗೆ ಹೋದಾಗಲೆಲ್ಲ ಅವನನ್ನು ಕೆಣಕುತ್ತಿದ್ದೆ. ಕೆಣಕಿದರೆ ಅವನು ಎದ್ದು ಕೂರುತ್ತಿದ್ದ, ಮುಖಕ್ಕೆ ಬಣ್ಣ ಬರುತ್ತಿತ್ತು. ಕೊನೆಯ ಸಲ ಹೋದಾಗ, "ಏನು, ನಿನ್ನ ಹಳದಿಯನ್ನು ಗುಜರಿಗೆ ಹಾಕುವುದಾ?" ಎಂದು ಕೇಳಿದೆ. ಅವನು ಕಣ್ಣು ತೆರೆದು ನನ್ನನ್ನು ನೋಡಿದ, ಸಣ್ಣಕ್ಕೆ ನಕ್ಕ, ಮತ್ತೆ ಕಣ್ಣು ಮುಚ್ಚಿದ. ಜಗಳಕ್ಕೆ ಬರಲಿಲ್ಲ. ನನಗೆ ಹೆದರಿಕೆಯಾದದ್ದು ಆಗಲೇ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ, ಯಾರು ನೋಡಿದರೆ ನನಗೇನು.

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಬೇರೆ ಮನೆ ಮಾಡಿಕೊಂಡಿದ್ದ ಅವನ ಅಣ್ಣನ ಫೋನ್ ಬಂತು. "ಮೆಷಿನ್ ಹಿಡ್ಕೊಂಡು ಬನ್ನಿ" ಎಂದರು. ಅಷ್ಟೇ. ನಮ್ಮ ಕಸುಬಿನವರಿಗೆ ಅದಕ್ಕಿಂತ ಹೆಚ್ಚು ಹೇಳುವುದು ಬೇಡ. ಮನೆಯಲ್ಲಿ ಸಾವಾದರೆ ಹಿತ್ತಲಿನ ಮಾವಿನ ಮರವೊಂದು ಬೀಳಬೇಕು, ಚಿತೆಗೆ ಅದೇ ಆಗಬೇಕು. ಮೊದಲ ಏಟು ಮನೆಯವರ ಕೊಡಲಿಯದ್ದು, ಉಳಿದದ್ದು ನಮ್ಮದು. ಹೊತ್ತು ಮುಳುಗುವ ಮೊದಲು ಎಲ್ಲ ಮುಗಿಯಬೇಕು. ಸಾವಿನ ಮರಕ್ಕೆ ಕೂಲಿ ಇಲ್ಲ, ಬಾರದೆ ಇರುವ ಹಾಗೂ ಇಲ್ಲ. ನಾನು ಕೆಂಪು ಮೆಷಿನನ್ನು ಓಮ್ನಿಗೆ ಹಾಕಿ ಹೊರಟೆ. ಕಾರ್ಕಳದಿಂದ ಮಟ್ಟುವಿನ ತನಕ ಏನು ಯೋಚಿಸಿದೆನೋ ನೆನಪಿಲ್ಲ.

ಆಸ್ಪತ್ರೆಯಿಂದ ಹೆಣ ಬಂದು ಮನೆ ಮುಟ್ಟುವಾಗಲೇ ಮಧ್ಯಾಹ್ನ ದಾಟಿತ್ತು. ಚಾವಡಿಯಲ್ಲಿ ಮಲಗಿಸಿದ್ದರು. ನೋಡಿ ಕೈ ಮುಗಿದು ಹೊರಡುವಾಗ ಅವನ ಹೆಂಡತಿ ತಲೆಯ ಹತ್ತಿರ ಕೂತಲ್ಲಿಂದಲೇ, "ಅಣ್ಣಾ" ಎಂದರು. ಅವರು ಅಳುತ್ತಿರಲಿಲ್ಲ.

"ನಿಮ್ಮ ಮೆಷಿನ್ ಬೇಡ. ಇವರದ್ದರಲ್ಲೇ ಕಡಿಯಿರಿ."

ಅವರ ಪಕ್ಕದಲ್ಲಿದ್ದ ಮುದುಕಿಯೊಬ್ಬರು, "ಈಗ ಅದೆಲ್ಲ ಎಂತದಕ್ಕೆ ಮಗಾ" ಎಂದು ಬೆನ್ನು ಸವರಿದರು. ಅವನ ಹೆಂಡತಿ ಆ ಕೈಯನ್ನು ಮೆಲ್ಲಗೆ ಸರಿಸಿದರು.

"ಅದು ನಡುವಲ್ಲೇ ನಿಲ್ತದೆ, ನಿಲ್ತದೆ ಅಂತ ನೀವೆಲ್ಲ ಹೇಳಿದ್ದೇ ಹೇಳಿದ್ದು. ಇವರು ನಿಮ್ಮ ಎದುರು ನಗಾಡಿಕೊಂಡು ಬರ್ತಿದ್ರು. ಮನೆಗೆ ಬಂದು ಅದನ್ನು ಬಿಚ್ಚಿ, ಒರೆಸಿ, ಊಟ ಬಿಟ್ಟು ಕೂತಿರ್ತಿದ್ರು. ನೋಡಿದ್ದು ನಾನು. ಇವತ್ತು ಇವರ ಮರ ಇವರ ಮೆಷಿನಿನಲ್ಲೇ ಬೀಳಬೇಕು ಅಣ್ಣಾ. ಬೇರೆ ಎಂತದೂ ನಾನು ಕೇಳುವುದಿಲ್ಲ."

ಆ ಮಾತು ನನ್ನ ಎದೆಗೆ ಬಂದು ಕೂತಿತು. ಆಗಲಿ ಅಕ್ಕ ಎಂದು ಹೊರಗೆ ಬಂದೆ. ಅವನ ಅಣ್ಣನಿಗೆ ಹೇಳಿದರೆ ಅವರು ಹಣೆ ಚಚ್ಚಿಕೊಂಡರು. "ಒಂದು ವರ್ಷದಿಂದ ಮೂಲೆಯಲ್ಲಿ ಬಿದ್ದದ್ದು ಮಾರಾಯ್ರೆ. ಹೊತ್ತು ಎಲ್ಲಿಗೆ ಬಂತು ನೋಡಿ. ಅದು ಮಧ್ಯದಲ್ಲಿ ಕೈ ಕೊಟ್ಟರೆ? ಊರಿನವರ ಎದುರು ನನ್ನ ತಮ್ಮನ ಮೆಷಿನ್ ನಗೆಪಾಟಲು ಆಗುವುದು ಬೇಡ." ಅದು ನನ್ನ ಹೆದರಿಕೆಯೂ ಆಗಿತ್ತು. ಅಂಗಳದ ತುಂಬ ಇದ್ದವರು ಕಾಪುವಿನ ಬೆಂಚಿನ ಜನವೇ, ಅರ್ಧ ಕೆಂಪಿನವರು, ಅರ್ಧ ಹಳದಿಯವರು. ಮೆಷಿನ್ ನಿಂತರೆ ಯಾರೂ ನಗುತ್ತಿರಲಿಲ್ಲ, ನಿಜ. ಆದರೆ ಸುಮ್ಮನೆ ನಿಂತು ನೋಡುತ್ತಿದ್ದರಲ್ಲ, ಅದು ನಗುವುದಕ್ಕಿಂತ ಕಷ್ಟ. ಮತ್ತೆ ಆ ಹೆಂಗಸಿಗೆ ಬಾಕಿ ಉಳಿದ ಜೀವಮಾನವೆಲ್ಲ ಅದೇ ನೆನಪು.

ಮೆಷಿನ್ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿತ್ತು, ಹಳೆಯ ಲುಂಗಿ ಹೊದೆಸಿ ಇಟ್ಟಿದ್ದರು. ಹಳೆ ಪೆಟ್ರೋಲು ಚೆಲ್ಲಿ, ನನ್ನ ಕ್ಯಾನಿನಿಂದ ಹೊಸದು ತುಂಬಿದೆ. ಬೆರೆಸಿದ್ದ ಎಣ್ಣೆ ಕೆಂಪು ಕಂಪನಿಯದ್ದು. ಅವನು ಇದ್ದಿದ್ದರೆ ಅದಕ್ಕೇ ಒಂದು ಗಂಟೆ ಬೈಯುತ್ತಿದ್ದ. ಅಣ್ಣ ಕೊಡಲಿಯಿಂದ ಅಂಗಳದಾಚೆಯ ಮಾವಿನ ಮರಕ್ಕೆ ಮೊದಲ ಏಟು ಕೊಟ್ಟು ಹಿಂದೆ ಸರಿದರು. ನಾನು ಮೆಷಿನನ್ನು ನೆಲಕ್ಕೆ ಇಟ್ಟು ಹಗ್ಗ ಎಳೆದೆ. ಏನೂ ಇಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಕೆಂಪು ಮೆಷಿನನ್ನು ಎಬ್ಬಿಸುವುದೇ ಹಾಗೆ, ಚೋಕ್ ಹಾಕಿ ಅದು ಕೆಮ್ಮುವ ತನಕ ಎಳೆಯುತ್ತ ಇರಬೇಕು. ಕೈಗೆ ಹತ್ತು ವರ್ಷದ ಅಭ್ಯಾಸ, ಬುದ್ಧಿ ಕೆಲಸ ಮಾಡಲಿಲ್ಲ. ಎಳೆದೆ, ಎಳೆದೆ. ಪೆಟ್ರೋಲಿನ ವಾಸನೆ ಗಪ್ಪೆಂದು ಮೂಗಿಗೆ ಬಂತು. ಇಂಜಿನ್ ಪೆಟ್ರೋಲು ಕುಡಿದು ಮುಳುಗಿತ್ತು.

"ಸಾಕು ಮಾರಾಯ್ರೆ" ಎಂದರು ಅಣ್ಣ. "ನಿಮ್ಮದನ್ನೇ ತನ್ನಿ. ಅವಳಿಗೆ ಮತ್ತೆ ಹೇಳುವ."

ಯಾರೋ ಓಮ್ನಿಯ ಬಾಗಿಲು ತೆರೆದದ್ದು ಕೇಳಿತು. ಅಷ್ಟರಲ್ಲಿ ಚಾವಡಿಯಲ್ಲಿ ಗಲಾಟೆ. ಹೆಂಗಸರು, "ಹೆಣದ ಹತ್ತಿರದಿಂದ ಏಳಬಾರದು, ಹೊರಗೆ ಹೋಗಬಾರದು" ಎನ್ನುತ್ತಿದ್ದರು. ಅವನ ಹೆಂಡತಿ ಅವರನ್ನೆಲ್ಲ ದಾಟಿ, ಬರಿಗಾಲಲ್ಲಿ ಅಂಗಳ ಇಳಿದು ಮರದ ಬುಡಕ್ಕೆ ಬಂದರು. ಕೂದಲು ಬಿಚ್ಚಿತ್ತು. ಗಂಡಸರು ತಾವಾಗಿ ದಾರಿ ಬಿಟ್ಟರು.

"ಸದ್ದಿನಲ್ಲೇ ಗೊತ್ತಾಯ್ತು" ಎಂದರು. "ಅದು ನಿಮ್ಮದರ ಹಾಗೆ ಅಲ್ಲ ಅಣ್ಣಾ. ಎರಡು ಸಲ ಎಳೆದು ಚೋಕ್ ತೆಗೆಯಬೇಕು. ಪ್ಲಗ್ ಬಿಚ್ಚಿ ಒರೆಸಿಕೊಡಿ."

ನಾನು ಒರೆಸಿಕೊಟ್ಟೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೆಷಿನಿನ ಹಿಡಿಗೆ ಕಾಲು ಕೊಟ್ಟು ಬಗ್ಗಿದರು. "ನಿನಗೆ ಇದು ಹೇಗೆ ಗೊತ್ತು?" ಎಂದು ಅಣ್ಣ ಕೇಳಿದರು.

"ಪ್ರತಿ ಶುಕ್ರವಾರ ಎಳೀತಾ ಇದ್ದದ್ದು ನಾನೇ ಅಲ್ವಾ ಭಾವ. ಓಡಿಸದೆ ಇಟ್ಟರೆ ಹಾಳಾಗ್ತದೆ ಅಂತ ಇವರು ಮಲಗಿದಲ್ಲಿಂದ ಹೇಳಿಕೊಡ್ತಿದ್ರು. ಓಡಿದರೆ ಇವರಿಗೆ ನಿದ್ರೆ ಬರ್ತಿತ್ತು."

ಒಂದು ಸಲ ಎಳೆದರು. ಎರಡು ಸಲ. ಮೂರನೆಯದಕ್ಕೆ ಮೆಷಿನ್ ಕೆಮ್ಮಿ, ನೀಲಿ ಹೊಗೆ ಬಿಟ್ಟು, ಹಿಡಿದುಕೊಂಡಿತು. ಆ ಸದ್ದು ಮನೆಯ ಒಳಗೆ ಹೋದದ್ದೇ ಹೆಂಗಸರ ಅಳು ಒಮ್ಮೆಲೇ ಜೋರಾಯಿತು. ಅಷ್ಟು ದೊಡ್ಡ ಸದ್ದಿನ ಮೇಲೂ ನಮಗೆ ಕೇಳಿತು. ಅವರು ಮೆಷಿನನ್ನು ಎತ್ತಿ ನನ್ನ ಕೈಗೆ ಕೊಟ್ಟು, ಹಿಂತಿರುಗಿ ನೋಡದೆ ಒಳಗೆ ಹೋದರು.

ಆಮೇಲೆ ನಾನು ಕಡಿದದ್ದು ಮರವನ್ನು ಅಂತ ಹೇಳಲಾರೆ, ಆ ಮೆಷಿನನ್ನು ಕಾಯುತ್ತ ಇದ್ದೆ. ಅದರ ಕುಂದುಗಳನ್ನು ನನ್ನಷ್ಟು ಬಲ್ಲವರು ಯಾರು? ಹತ್ತು ವರ್ಷ ಅವನ್ನೇ ಹುಡುಕಿದವನು ನಾನು. ಬಿಸಿಯಲ್ಲಿ ಆಫ್ ಮಾಡಿದರೆ ಮತ್ತೆ ಏಳುವುದಿಲ್ಲ, ಹಾಗಾದರೆ ಆಫ್ ಮಾಡಲೇಬಾರದು. ಒತ್ತಿ ಹಿಡಿದರೆ ಉಸಿರು ಕಟ್ಟುತ್ತದೆ, ಹಾಗಾದರೆ ಒತ್ತಬಾರದು, ಅದರ ಭಾರಕ್ಕೇ ಬಿಡಬೇಕು. ಟ್ಯಾಂಕಿ ಬರಿದಾದರೆ ತುಂಬಲು ನಿಲ್ಲಿಸಬೇಕಾಗುತ್ತದೆ, ಹಾಗಾದರೆ ಒಂದು ಟ್ಯಾಂಕಿಯಲ್ಲೇ ಮುಗಿಸಬೇಕು. ಮರ ಗುಳ್ಳದ ಗದ್ದೆಯ ಕಡೆ ವಾಲಿತ್ತು. ಜನ ಅಂಗಳದಿಂದ ಹಗ್ಗ ಎಳೆದು ಹಿಡಿದರು, ನಾನು ಅದೇ ಬದಿಯಲ್ಲಿ ಬುಡಕ್ಕೆ ಬಾಯಿ ತೆಗೆದೆ. ಅಂಗಳದ ಕಡೆಗೆ ತಿರುಗಿ ಬಿತ್ತು. ಗುಳ್ಳದ ಒಂದು ಗಿಡಕ್ಕೂ ಎಲೆ ತಾಗಲಿಲ್ಲ.

ತುಂಡು ಮಾಡುವುದು ಬಾಕಿ. ದಪ್ಪ ಭಾಗಕ್ಕೆ ಬಂದಾಗ ಸದ್ದು ಇಳಿಯಿತು. ಗಂಟಲಲ್ಲಿ ಏನೋ ಸಿಕ್ಕವರ ಹಾಗೆ ಎರಡು ಸಲ ತಡವರಿಸಿತು. ಸುತ್ತ ನಿಂತವರೆಲ್ಲ ಕತ್ತು ಮುಂದೆ ಚಾಚಿದರು. ನಾನು ಚೈನಿನ ಪಟ್ಟಿಯನ್ನು ಮರದಿಂದ ಹೊರಗೆಳೆದು, ರೇಸು ಸಣ್ಣ ಮಾಡಿ, ಕೈಯಲ್ಲಿ ಹಿಡಿದೇ ನಿಂತೆ. "ನಿಲ್ಲಬೇಡ ಮಾರಾಯ, ಇವತ್ತೊಂದು ದಿನ ನಿಲ್ಲಬೇಡ" ಎಂದು ಬಾಯಿ ಬಿಟ್ಟೇ ಹೇಳಿದೆ. ಮೆಷಿನಿಗೆ ಹೇಳಿದೆನೋ, ಬೇರೆ ಯಾರಿಗೆ ಹೇಳಿದೆನೋ. ಸ್ವಲ್ಪ ಹೊತ್ತಿಗೆ ಉಸಿರು ಸರಿಯಾಯಿತು. ಮತ್ತೆ ಹಿಡಿದೆ. ಜನ ದಿಮ್ಮಿ ಉರುಳಿಸುವಾಗಲೂ ನಾನು ಅದನ್ನು ಆಫ್ ಮಾಡದೆ, ನೆಲಕ್ಕೂ ಇಡದೆ ಹಿಡಿದುಕೊಂಡಿದ್ದೆ. ತೋಳು ಮರಗಟ್ಟಿ ಬೆರಳು ನನ್ನದಲ್ಲ ಅನಿಸುತ್ತಿತ್ತು. ಹಗುರ ಮೆಷಿನ್ ಎಂದು ಹೇಳಿದವನ ಮಾತು ಎಷ್ಟು ನಿಜ ಎಂದು ಆಗ ಗೊತ್ತಾಯಿತು. ನನ್ನ ಕೆಂಪನ್ನು ಅಷ್ಟು ಹೊತ್ತು ಹಿಡಿಯಲು ನನ್ನಿಂದ ಆಗುತ್ತಿರಲಿಲ್ಲ.

ಕೊನೆಯ ತುಂಡು ಬೇರೆಯಾಗುವಾಗ ಟ್ಯಾಂಕಿಯಲ್ಲಿ ತಳ ಮಾತ್ರ ಇತ್ತು, ಸದ್ದು ತೆಳ್ಳಗಾಗತೊಡಗಿತ್ತು. ಅದು ತಾನಾಗಿ ನಿಲ್ಲುವ ಮೊದಲು ನಾನೇ ಸ್ವಿಚ್ ಒತ್ತಿದೆ. ಅವನ ಅಣ್ಣ ಬಂದು ನನ್ನ ಭುಜ ಹಿಡಿದುಕೊಂಡರು. ಗಂಡಸರು ಕೊಡಲಿ ಹಿಡಿದು ದಿಮ್ಮಿ ಸೀಳತೊಡಗಿದರು. ಹೊತ್ತು ಇನ್ನೂ ತೆಂಗಿನ ತಲೆಯ ಮೇಲೆ ಇತ್ತು.

ನಾನು ಮೆಷಿನನ್ನು ತಂದು ಚಾವಡಿಯ ಮೆಟ್ಟಿಲ ಪಕ್ಕ ಇಟ್ಟೆ. ಅದರ ಮೈಯಿಂದ ಇನ್ನೂ ಕಾವು ಏಳುತ್ತಿತ್ತು. ಅವನ ಹೆಂಡತಿ ಮತ್ತೆ ಅವನ ತಲೆಯ ಹತ್ತಿರ ಕೂತಿದ್ದರು. ಅಲ್ಲಿಂದಲೇ ನನ್ನನ್ನು ನೋಡಿದರು.

"ನಡುವೆ ನಿಂತಿತಾ ಅಣ್ಣಾ?"

"ಇಲ್ಲ ಅಕ್ಕ."

"ಒಮ್ಮೆಯೂ ಇಲ್ಲ?"

"ಒಮ್ಮೆಯೂ ನಿಲ್ಲಲಿಲ್ಲ. ಒಳ್ಳೆಯ ಮೆಷಿನ್" ಎಂದೆ. ಅಂಗಳದವರಿಗೆಲ್ಲ ಕೇಳುವ ಹಾಗೆ ಹೇಳಿದೆ.

ಅವರು ಬಗ್ಗಿ, ಅವನ ಹಣೆಯ ಮೇಲಿನ ಕೂದಲು ಸರಿ ಮಾಡಿ, ಮನೆಯೊಳಗೆ ದಿನಾ ಮಾತಾಡುವ ದನಿಯಲ್ಲೇ ಅವನಿಗೆ ಹೇಳಿದರು:

"ಕೇಳಿತಾ ನಿಮಗೆ? ಅವರ ಬಾಯಿಂದಲೇ ಬಂತು."